ಹುಲ್ಲು ಸೂರಿನ ಬೆಲೆ

ನಮಗೆ ಹಳ್ಳಿ ಅಂದರೆ ಬಿಟ್ಟು ಹೊರಡಬೇಕಾದ ಜಾಗ. ಇಂಗ್ಲೆಂಡಿನ ಉಳ್ಳವರಿಗೆ ಹಳ್ಳಿ ಅಂದರೆ ಜೀವಮಾನವೆಲ್ಲ ಪಟ್ಟಣದಲ್ಲಿ ಸಂಪಾದಿಸಿ ಕೊನೆಗೆ ಹೋಗಿ ಸೇರಬೇಕಾದ ಜಾಗ. ಹುಲ್ಲು ಹೊದಿಸಿದ ಸೂರು, ಸುಣ್ಣ ಬಳಿದ ಮಣ್ಣಿನ ಗೋಡೆ, ಹಳೇ ಚರ್ಚು, ಒಂದು ಪಬ್ಬು. ಇಷ್ಟಿದ್ದರೆ ಸಾಕು, ಚಾಕಲೇಟ್ ಡಬ್ಬಿಯ ಮೇಲಿನ ಚಿತ್ರದ ಹಾಗಿದೆ ಅಂತ ಅಲ್ಲಿಯವರೇ ಹೊಗಳುತ್ತಾರೆ. ನಮ್ಮಲ್ಲಿ ಹುಲ್ಲು, ಮಣ್ಣು ಅಂದರೆ ಬಡತನ. ಅಲ್ಲಿ ಅದೇ ಹುಲ್ಲು, ಅದೇ ಮಣ್ಣು ಕೂಲಿಯವನ ಕೈಗೆಟುಕದ ಬೆಲೆಗೆ ಹೋಗುತ್ತದೆ. ಕೂಲಿಯವನಿಗಾಗಿ ಕಟ್ಟಿದ ಗುಡಿಸಲು ಕೂಲಿಯವನಿಗೇ ದಕ್ಕದ ಹಾಗೆ ಹೇಗಾಯಿತು? ಅದನ್ನು ಇವತ್ತು ದುಡ್ಡು ಕೊಟ್ಟು ಕೊಂಡು ನೆಮ್ಮದಿಯಾಗಿ ಬಾಳುವವನಿಗೆ ಆ ಹಳೇ ಲೆಕ್ಕದಲ್ಲಿ ಪಾಲಿದೆಯೇ? ಇದು ಅವರ ಪ್ರಶ್ನೆ, ನಮಗೇನು ಅನ್ನುವಂತಿಲ್ಲ. ನಮ್ಮ ಕಡೆಯಿಂದ ಹೋಗಿ ನೆಲೆಸಿದ ಡಾಕ್ಟರು, ಇಂಜಿನಿಯರುಗಳೂ ಅಂಥ ಮನೆಯ ಮುಂದೆ ನಿಂತು ಬೆಲೆ ಕೇಳುವ ಕಾಲ ಇದು. ಅವರಲ್ಲಿ ನಮ್ಮ ಕೇರಿಯ ಮಕ್ಕಳೂ ಇರಬಹುದು, ಇರಲಿ ಅಂತಲೇ ನಮ್ಮ ಆಸೆ.

ಡಾರ್ಸೆಟ್ ಜಿಲ್ಲೆಯಲ್ಲಿ ಮಿಲ್ಟನ್ ಆ್ಯಬಸ್ ಎಂಬ ಹಳ್ಳಿಯಿದೆ. ಇಳಿಜಾರಿನ ಒಂದು ಬೀದಿ. ಎರಡೂ ಕಡೆ ಒಂದೇ ಅಚ್ಚಿನಲ್ಲಿ ತೆಗೆದ ಹಾಗೆ 36 ಮನೆ, ಮುಂದೆ ಹುಲ್ಲುಹಾಸು. ನೋಡಲು ಬಂದವರು ಎಷ್ಟು ಚಂದ, ಎಷ್ಟು ಹಳೇದು ಅನ್ನುತ್ತಾರೆ. ಆದರೆ ಇದು ತಾನಾಗಿ ಬೆಳೆದ ಊರಲ್ಲ, ಎತ್ತಂಗಡಿಯಾದವರ ಕಾಲೋನಿ. ಮೊದಲು ಸ್ವಲ್ಪ ಆಚೆ, ಕ್ರೈಸ್ತ ಸನ್ಯಾಸಿಗಳ ಹಳೇ ಮಠದ ಪಕ್ಕದಲ್ಲಿ ಮಿಡಲ್‌ಟನ್ ಅನ್ನುವ ಸಂತೆಯೂರು ಇತ್ತು. ಶಾಲೆ, ಅಂಗಡಿ, ಪಬ್ಬು, ಬಡ ಮುದುಕರಿಗೆ 1674ರಲ್ಲಿ ಕಟ್ಟಿಸಿದ ಧರ್ಮದ ಮನೆ, ಎಲ್ಲ ಇದ್ದವು. 1752ರಲ್ಲಿ ಜೋಸೆಫ್ ಡೇಮರ್ ಎಂಬ ಶ್ರೀಮಂತ ಆ ಮಠವನ್ನೂ ಸುತ್ತಲ ಜಮೀನನ್ನೂ ಕೊಂಡ. ಮುಂದೆ ಲಾರ್ಡ್ ಮಿಲ್ಟನ್ ಆದ, ಹೊಸ ಬಂಗಲೆ ಎಬ್ಬಿಸಿದ. ಕಿಟಕಿ ತೆಗೆದರೆ ಊರು ಕಾಣುತ್ತದೆ. ಜನ, ಗದ್ದಲ, ಹೊಗೆ. ಆ ನೋಟ ದೊರೆಗೆ ಹಿಡಿಸಲಿಲ್ಲ. ಮನೆಗಳ ಗುತ್ತಿಗೆ ಒಂದೊಂದಾಗಿ ಮುಗಿದ ಹಾಗೆ ಊರನ್ನೇ ಕೆಡವಿಸುತ್ತ ಬಂದ. ಒಬ್ಬ ವಕೀಲ ಮಾತ್ರ ಜಗ್ಗಲಿಲ್ಲವಂತೆ, ಅವನ ಮನೆಗೆ ತೂಬು ತೆಗೆಸಿ ನೀರು ನುಗ್ಗಿಸಿದನಂತೆ. ಅಲ್ಲಿ ಈಗಲೂ ಈ ಕತೆ ಹೇಳುತ್ತಾರೆ. ಸುಮಾರು 1780ರ ಹೊತ್ತಿಗೆ ಬಂಗಲೆಗೆ ಕಾಣದ ಕಣಿವೆಯ ಮರೆಯಲ್ಲಿ ಈ ಹೊಸ ಬೀದಿ ಎದ್ದಿತು. ಹೊರಗಿನಿಂದ ಒಂದು ಮನೆ, ಒಳಗೆ ಎರಡು ಸಂಸಾರ. ಮುದುಕರ ಮನೆಯನ್ನೂ ಬಿಚ್ಚಿ ತಂದು ಇಲ್ಲಿ ಜೋಡಿಸಿದರು. ಹಳೇ ಊರಿದ್ದ ಕಡೆ ಹುಲ್ಲುಗಾವಲು, ಕೆರೆ, ಮರ. ಅದಕ್ಕೆ ನಕ್ಷೆ ಹಾಕಿದವನು ಲ್ಯಾನ್ಸೆಲಾಟ್ ಬ್ರೌನ್ ಎಂಬ ಆ ಕಾಲದ ಹೆಸರಾಂತ ತೋಟಗಾರ.

ದುಡಿಯುವ ಜನ ಕೈಗೆ ಸಿಗಬೇಕು, ಕಣ್ಣಿಗೆ ಬೀಳಬಾರದು. ಈ ನ್ಯಾಯ ನಮಗೆ ಹೊಸದಲ್ಲ. ಕೇರಿಯನ್ನು ಊರ ಹೊರಗೆ ಇಟ್ಟವರ ನ್ಯಾಯವೂ ಇದೇ. ಹಾಗಂತ ಎರಡೂ ಒಂದೇ ಎಂದು ನಾವು ಹೇಳಲಾರೆವು. ಡೇಮರ್ ಓಡಿಸಿದ್ದು ನೋಟ ಕೆಡುತ್ತದೆ ಅಂತ, ಮುಟ್ಟಿದರೆ ಮೈಲಿಗೆ ಅಂತಲ್ಲ.

ಹಳ್ಳಿಯನ್ನು ದೂರದಿಂದ ನೋಡಿ ಮೆಚ್ಚುವ ಚಾಳಿಯನ್ನು ಇಂಗ್ಲಿಷರು ನಮ್ಮ ದೇಶಕ್ಕೂ ತಂದರು. ಕಂಪನಿ ಸರ್ಕಾರದ ಅಧಿಕಾರಿ ಚಾರ್ಲ್ಸ್ ಮೆಟ್ಕಾಫ್ ಭಾರತದ ಹಳ್ಳಿಗಳನ್ನು ಪುಟ್ಟ ಗಣರಾಜ್ಯಗಳೆಂದು ಬರೆದದ್ದು 1830ರಲ್ಲಿ. ಅದೇ ವರ್ಷ ಅವನ ಸ್ವಂತ ದೇಶದ ಹಳ್ಳಿಗಳಲ್ಲಿ ಏನಾಗುತ್ತಿತ್ತು? ಹೊಟ್ಟೆಗಿಲ್ಲದ ಕೂಲಿಗಳು ಕೆಂಟ್‌ನಿಂದ ಡಾರ್ಸೆಟ್‌ವರೆಗೆ ಒಕ್ಕಣೆ ಯಂತ್ರಗಳನ್ನು ಒಡೆಯುತ್ತಿದ್ದರು, ಬಣವೆಗೆ ಬೆಂಕಿ ಇಡುತ್ತಿದ್ದರು. 19 ಜನರನ್ನು ಗಲ್ಲಿಗೇರಿಸಿದರು. ನಾನೂರಕ್ಕೂ ಹೆಚ್ಚು ಜನರನ್ನು ಹಡಗು ಹತ್ತಿಸಿ ಆಸ್ಟ್ರೇಲಿಯಾಕ್ಕೆ ಅಟ್ಟಿದರು. ಅಂಥ ಗಣರಾಜ್ಯ! ಬಾಬಾಸಾಹೇಬರು 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಮೆಟ್ಕಾಫನ ಹೆಸರು ಹಿಡಿದೇ ಈ ಹಳ್ಳಿ ಮೋಹದ ಬುಡಕ್ಕೆ ಕೊಡಲಿ ಹಾಕಿದರು.

1833ರಲ್ಲಿ ಅದೇ ಡಾರ್ಸೆಟ್‌ನ ಟಾಲ್‌ಪಡಲ್ ಹಳ್ಳಿಯ ಆರು ಜನ ಕೂಲಿಗಳು ಸಂಘ ಕಟ್ಟಿದರು. ವಾರಕ್ಕೆ 7 ಶಿಲ್ಲಿಂಗ್‌ಗೆ ಇಳಿದಿದ್ದ ಕೂಲಿ 6ಕ್ಕೆ ಇಳಿಯುವುದರಲ್ಲಿತ್ತು. ಗುಟ್ಟಾಗಿ ಪ್ರಮಾಣ ಮಾಡಿದರು ಅಂತ ನೆಪ ಹೂಡಿ ಅವರಿಗೂ ಏಳು ವರ್ಷ ಗಡೀಪಾರು. ಜನ ಎದ್ದು ನಿಂತದ್ದರಿಂದ 1836ರಲ್ಲಿ ಕ್ಷಮೆ ಸಿಕ್ಕಿತು. ವಾಪಸು ಬಂದವರಲ್ಲಿ ಐವರು ಆಮೇಲೆ ಕೆನಡಾಕ್ಕೆ ಹೋದರು. ಹುಟ್ಟಿದೂರಲ್ಲೇ ಉಳಿದವನು ಜೇಮ್ಸ್ ಹ್ಯಾಮೆಟ್ ಒಬ್ಬನೇ. ಅವನು 1891ರಲ್ಲಿ ಸತ್ತದ್ದು ತನ್ನ ಮನೆಯಲ್ಲಲ್ಲ, ಡಾರ್ಚೆಸ್ಟರಿನ ಅನಾಥರ ದುಡಿಮೆಮನೆಯಲ್ಲಿ.

ಈಗ ಕೊಳ್ಳುವವನ ಕಡೆ ಬರೋಣ. ಆ ದೇಶದಲ್ಲಿ ಮನೆ ಕೊಳ್ಳೋದು ತಿಂಗಳುಗಟ್ಟಲೆ ಹಿಡಿಯುವ ಕೆಲಸ. ಬೆಲೆ ಒಪ್ಪಿದರೂ ಎರಡೂ ಕಡೆಯ ಕರಾರು ಪತ್ರ ಅದಲುಬದಲು ಆಗುವ ತನಕ ಯಾರಿಗೂ ಕಟ್ಟುಪಾಡಿಲ್ಲ. ನಡುವೆ ಇನ್ನೊಬ್ಬ ಹೆಚ್ಚು ಕೊಟ್ಟರೆ ಮನೆ ಅವನಿಗೆ. ಹಳೇ ಕಟ್ಟಡಗಳ ಸರ್ಕಾರಿ ಪಟ್ಟಿಗೆ ಸೇರಿದ ಮನೆಯಾದರೆ ಅದರ ಚಹರೆ ಬದಲಿಸುವಂತೆ ಒಂದು ಕಿಟಕಿ ತೆಗೆಯಲೂ ಅನುಮತಿ ಬೇಕು, ಕೇಳದೆ ಮಾಡಿದರೆ ಕ್ರಿಮಿನಲ್ ಅಪರಾಧ. ವಕೀಲರು ಹಳೇ ಕಾಗದವೆಲ್ಲ ಜಾಲಾಡುತ್ತಾರೆ. ಚರಂಡಿ ಎಲ್ಲಿಗೆ ಹೋಗುತ್ತದೆ, ಹೊಳೆ ಉಕ್ಕಿದರೆ ನೀರು ಎಲ್ಲಿಯವರೆಗೆ ಬರುತ್ತದೆ, ದಾರಿಯ ಹಕ್ಕು ಯಾರದು. ಕೆಲವು ಕಡೆ ಶತಮಾನಗಳ ಹಿಂದಿನ ಋಣ ಜಮೀನಿಗೆ ಅಂಟಿಕೊಂಡೇ ಇರುತ್ತದೆ. ಆ್ಯಸ್ಟನ್ ಕ್ಯಾಂಟ್ಲೊ ಎಂಬ ಹಳ್ಳಿಯಲ್ಲಿ ಜಮೀನಿದ್ದ ದಂಪತಿ, ಆ ಜಮೀನಿಗಂಟಿದ ಹಳೇ ಋಣದಿಂದಾಗಿ ಊರ ಚರ್ಚಿನ ಗರ್ಭಗುಡಿಯ ರಿಪೇರಿ ಖರ್ಚು ಹೊರಬೇಕೆಂದು ಅಲ್ಲಿಯ ಅತಿ ಮೇಲಿನ ನ್ಯಾಯಪೀಠವೇ 2003ರಲ್ಲಿ ತೀರ್ಪು ಕೊಟ್ಟಿತು. ಚರ್ಚಿಗೆ ಇದ್ದ ಋಣವನ್ನು ಕಾನೂನು ಮರೆಯುವುದಿಲ್ಲ. ಈ ಮನೆಯಿಂದ ಯಾರನ್ನು ಎಬ್ಬಿಸಿದರು ಅಂತ ಕೇಳುವ ಕಾಲಮ್ಮು ಮಾತ್ರ ಯಾವ ಅರ್ಜಿಯಲ್ಲೂ ಇಲ್ಲ.

ಎಬ್ಬಿಸಿದ್ದು ಡೇಮರನ ಕಾಲಕ್ಕೇ ಮುಗಿಯಲಿಲ್ಲ. ಹೊಲದ ಕೆಲಸಕ್ಕೆ ಕಟ್ಟುಬಿದ್ದ ಮನೆಗಳಿದ್ದವು. ಕೆಲಸ ಹೋದರೆ ಸೂರೂ ಹೋಗುತ್ತಿತ್ತು. ಆ ಕೂಲಿಗಳಿಗೆ ಮನೆಯಲ್ಲಿ ಉಳಿಯುವ ಗಟ್ಟಿ ರಕ್ಷಣೆ ಸಿಕ್ಕಿದ್ದು 1976ರ ಕಾಯಿದೆಯಿಂದ. ನಮ್ಮ ದೇಶದಲ್ಲಿ ಜೀತ ರದ್ದು ಮಾಡಿದ ಕಾಯಿದೆಯೂ 1976ರದ್ದೇ. 1980ರಲ್ಲಿ ಥ್ಯಾಚರ್ ಸರ್ಕಾರ ಬಾಡಿಗೆಗಿದ್ದವರಿಗೆ ಕೌನ್ಸಿಲ್ ಮನೆಗಳನ್ನು ಕಡಿಮೆ ಬೆಲೆಗೆ ಕೊಳ್ಳುವ ಹಕ್ಕು ಕೊಟ್ಟಿತು. ಕೊಂಡ ಬಡವನಿಗೆ ಲಾಭವಾಯಿತು, ಇಲ್ಲ ಅನ್ನೋದಿಲ್ಲ. ಅವನ ಹಿಂದೆ ಸಾಲಿನಲ್ಲಿ ನಿಂತ ಬಡವನಿಗೆ ಮನೆ ಉಳಿಯಲಿಲ್ಲ.

ಇಲ್ಲಿ ನಮಗೆ ಒಂದು ತೊಡಕಿದೆ. ಅಲ್ಲಿ ದುಡ್ಡಿದ್ದರೆ ಯಾರಾದರೂ ಕೊಳ್ಳಬಹುದು. ಬಣ್ಣ ನೋಡಿ ಮನೆ ಇಲ್ಲ ಅನ್ನುವುದು 1968ರ ಕಾಯಿದೆಯಿಂದ ಕಾನೂನುಬಾಹಿರವಾಯಿತು. ನಮ್ಮಲ್ಲಿ ನೋಟು ಎಣಿಸಿ ಕೊಡುತ್ತೇವೆ ಅಂದರೂ ಮೇಲಿನ ಬೀದಿಯಲ್ಲಿ ಸೈಟು ಸಿಗುವುದು ಕಷ್ಟ. ಪಟ್ಟಣದಲ್ಲಿ ಬಾಡಿಗೆ ಕೇಳಿದರೂ "ನೀವು ಯಾವ ಜನ?" ಎಂಬ ಪ್ರಶ್ನೆ. ಹೀಗಿರುವಾಗ ದುಡ್ಡೊಂದಕ್ಕೇ ತೆರೆಯುವ ಬಾಗಿಲು ನಮಗೆ ಅರ್ಧ ಬಿಡುಗಡೆಯ ಹಾಗೇ ಕಾಣುತ್ತದೆ. ಕೇರಿಯ ಹುಡುಗಿಯೊಬ್ಬಳು ಓದಿ, ಡಾಕ್ಟರಾಗಿ, ದೊರೆ ಕಟ್ಟಿಸಿದ ಬೀದಿಯಲ್ಲಿ ಮನೆ ಕೊಂಡರೆ ನಾವು ಅವಳಿಗೆ ತ್ಯಾಗದ ಉಪದೇಶ ಮಾಡುವುದಿಲ್ಲ. ತ್ಯಾಗ ಮಾಡಿ ಅಂತ ಇಲ್ಲದವರಿಗೆ ಹೇಳುವವರು ಬೇಕಾದಷ್ಟು ಜನ ಇದ್ದಾರೆ.

ಕೊಳ್ಳೋದರಲ್ಲಿ ಪಾಪವಿಲ್ಲ. ಡೇಮರ್ ಮಾಡಿದ್ದಕ್ಕೆ ಇವತ್ತು ಕೊಂಡವರು ಹೊಣೆಯಲ್ಲ. ಪ್ರಶ್ನೆ ಇರುವುದು ಕೊಂಡ ಮೇಲಿನ ಬಾಳಿನಲ್ಲಿ. ಆ ಊರಿನ ಅಂಚಿನಲ್ಲಿ ಕೂಲಿಯವರಿಗೆ, ನರ್ಸುಗಳಿಗೆ, ಬಸ್ ಓಡಿಸುವವರಿಗೆ ಹತ್ತಿಪ್ಪತ್ತು ಅಗ್ಗದ ಮನೆ ಕಟ್ಟುತ್ತೇವೆ ಅಂತ ಅರ್ಜಿ ಬರುತ್ತದೆ. ನಿನ್ನೆ ಮೊನ್ನೆ ಬಂದು ಸೇರಿದವರೂ ತಕರಾರು ಬರೆಯುತ್ತಾರೆ: ಊರಿನ ಚಹರೆ ಕೆಡುತ್ತದೆ, ನೋಟ ಹಾಳಾಗುತ್ತದೆ. ಆ 'ನೋಟ' ಅನ್ನುವ ಮಾತು ನಾವು ಮೊದಲು ಕೇಳಿದ್ದು ಯಾರ ಬಾಯಲ್ಲಿ? ತಕರಾರೆಲ್ಲ ದುಷ್ಟತನ ಅಂತಲ್ಲ. ಬಾಬಾಸಾಹೇಬರು 1921-22ರಲ್ಲಿ ಲಂಡನ್ನಿನಲ್ಲಿ ತಂಗಿದ್ದ ಮನೆಯನ್ನು ಮಹಾರಾಷ್ಟ್ರ ಸರ್ಕಾರ 2015ರಲ್ಲಿ ಕೊಂಡು ಸ್ಮಾರಕ ಮಾಡಿದಾಗ ನೆರೆಯವರು ಗದ್ದಲ ಅಂದರು. ವಾಸದ ಮನೆ ಒಂದು ಕಡಿಮೆಯಾಗುತ್ತದೆ ಅಂತ ಅಲ್ಲಿಯ ಕೌನ್ಸಿಲ್ಲೂ ಒಪ್ಪಲಿಲ್ಲ. 2020ರಲ್ಲಿ ಕೇಂದ್ರ ಸರ್ಕಾರ ಅನುಮತಿ ಕೊಟ್ಟಿತು. ಕೌನ್ಸಿಲ್ಲಿನ ಕಾರಣದಲ್ಲಿ ತಿರುಳಿತ್ತು. ನೆರೆಯವರ ಗದ್ದಲದ ಮಾತು ಮಾತ್ರ ನಮಗೆ ಹಳೇ ಪರಿಚಯದ್ದು.

ಬೇರೆ ದಾರಿ ಹುಡುಕಿದವರೂ ಇದ್ದಾರೆ. ಕಾರ್ನ್‌ವಾಲ್‌ನ ಸೇಂಟ್ ಐವ್ಸ್ ಎಂಬ ಕಡಲೂರಿನ ಜನ 2016ರಲ್ಲಿ ಓಟು ಹಾಕಿ, ಹೊಸದಾಗಿ ಕಟ್ಟುವ ಮನೆ ವರ್ಷವಿಡೀ ವಾಸಿಸುವವರಿಗೇ ಅಂತ ನಿಯಮ ತಂದರು. 2025ರ ಏಪ್ರಿಲ್‌ನಿಂದ ರಜೆಗೆ ಮಾತ್ರ ಬರುವವರ ಎರಡನೇ ಮನೆಗೆ ಇಮ್ಮಡಿ ತೆರಿಗೆ ಹಾಕುವ ಅಧಿಕಾರ ಕೌನ್ಸಿಲ್‌ಗಳಿಗೆ ಸಿಕ್ಕಿದೆ. ಟಾಲ್‌ಪಡಲ್‌ನಲ್ಲಿ ಕಾರ್ಮಿಕ ಸಂಘಗಳು 1934ರಲ್ಲೇ ಆ ಆರು ಜನರ ನೆನಪಿಗೆ ಆರು ಮನೆ ಕಟ್ಟಿದವು. ದುಡಿದು ನಿವೃತ್ತರಾದ ಹೊಲದ ಕೆಲಸಗಾರರಿಗೆ ಅಂತ, ಮಾರಾಟಕ್ಕಲ್ಲ.

ಅಲ್ಲಿ ಹೊಸ ಮನೆಯ ಅರ್ಜಿ ಬಂದಾಗ ಜಾಗದ ಹತ್ತಿರ ಕಂಬಕ್ಕೆ ನೋಟೀಸು ಕಟ್ಟುತ್ತಾರೆ. ಏನಾದರೂ ಹೇಳುವುದಿದ್ದರೆ ಸಾಮಾನ್ಯವಾಗಿ 21 ದಿನದೊಳಗೆ ಬರೆಯಬೇಕು. ನಮ್ಮ ಡಾಕ್ಟರಮ್ಮ ಆ ನೋಟೀಸು ಓದಲಿ. ಅವಳ ಆಸ್ಪತ್ರೆಯ ಆಯಾ ಯಾವ ಊರಿಂದ ಎಷ್ಟು ಹೊತ್ತಿಗೆ ಬಸ್ಸು ಹಿಡಿದು ಬರುತ್ತಾಳೆ ಅಂತ ಕೇಳಿಕೊಂಡು, ಆಮೇಲೆ ಕೂತು ಬರೆಯಲಿ.