ಉಣ್ಣುವವರ ಎದುರು ವಾಲಗ

ನಾವು ಹುಡುಗರಾಗಿದ್ದಾಗ ಕಾನಸೂರಿನ ಹೊಟೇಲಿನಲ್ಲಿ ಹಾಡುವುದಕ್ಕೆ ಇದ್ದದ್ದು ರೇಡಿಯೊ ಒಂದೇ. ಗಲ್ಲಾದ ಮೇಲಿನ ಹಲಗೆಯಲ್ಲಿ ಕೂತು, ಶಿರಸಿ ಬಸ್ಸು ಬರುವ ತನಕ ಧಾರವಾಡ ಆಕಾಶವಾಣಿಯನ್ನು ಕೇಳಿಸುತ್ತಿತ್ತು. 1950ರಲ್ಲಿ ಶುರುವಾದ ಆ ನಿಲಯದಿಂದ ಮಲ್ಲಿಕಾರ್ಜುನ ಮನ್ಸೂರರೇ ಹಾಡುತ್ತಿದ್ದರೂ ‘ಎರಡು ಅವಲಕ್ಕಿ, ಒಂದು ಕಷಾಯ’ ಎಂಬ ಕೂಗು ತಗ್ಗುತ್ತಿರಲಿಲ್ಲ.

ಉಣ್ಣುವವರ ಎದುರು ಮನುಷ್ಯರೇ ಕೂತು ನುಡಿಸುವುದನ್ನು ನಾನು ಕಂಡದ್ದು ಮದುವೆಮನೆಯಲ್ಲಿ. ಚಪ್ಪರದ ಮೂಲೆಯಲ್ಲಿ ಕಂಬಳಿ ಹಾಸಿಕೊಂಡು ಪಂಚವಾದ್ಯದವರು. ಎಲ್ಲರೂ ಮೌರಿ ಊದುವವನನ್ನು ಹೊಗಳಿದರೆ ನನ್ನ ಕಣ್ಣು ಶ್ರುತಿ ಹಿಡಿಯುವವನ ಮೇಲೆ. ಅವನ ಪಾಲಿಗೆ ಬಂದದ್ದು ಒಂದೇ ಸ್ವರ. ಕೆನ್ನೆ ಎರಡನ್ನೂ ಉಬ್ಬಿಸಿ, ಮೂಗಿನಿಂದ ಉಸಿರೆಳೆದುಕೊಳ್ಳುತ್ತ, ಸ್ವರ ಕಡಿಯದಂತೆ ಊದುತ್ತಿದ್ದ. ಒಂದು ಸಲವಾದರೂ ಕಡಿದೀತು ಎಂದು ಕಾಯುತ್ತ ಕೂತರೆ ಇತ್ತ ಹೋಳಿಗೆಯ ಮೇಲಿನ ತುಪ್ಪ ಗಟ್ಟಿಯಾಗುತ್ತಿತ್ತು. ಹತ್ತಿರ ಹೋಗಿ ನೋಡೋಣವೆಂದು ಎದ್ದರೆ ಆಯಿ ಅಂಗಿ ಹಿಡಿದು ಜಗ್ಗುವಳು: ‘ತಮಾ, ಬಾಳೆ ಬಿಟ್ಟಿಕ್ಕಿ ಏಳಲಾಗ.’

ಪಂಕ್ತಿಯಲ್ಲಿ ಯಾರಾದರೂ ಗ್ರಂಥ, ಎಂದರೆ ಊಟದ ನಡುವಿನ ಶ್ಲೋಕ, ಹೇಳಲು ಗಂಟಲು ಸರಿಮಾಡಿಕೊಂಡರೆ ವಾಲಗ ತಾನಾಗಿ ನಿಲ್ಲುತ್ತಿತ್ತು. ಅಪಸ್ವರದ ಗ್ರಂಥಕ್ಕೂ ಇಡೀ ಪಂಕ್ತಿ ‘ಹರ ಹರ ಮಹಾದೇವ’ ಎನ್ನುತ್ತಿತ್ತು. ಅಷ್ಟು ಹೊತ್ತು ಊದಿದವನಿಗೆ ಮಾತ್ರ ಒಂದು ‘ಭೇಷ್’ ಇಲ್ಲ.

ಪ್ಯಾರಿಸ್ಸಿನಲ್ಲಿ 1920ರಲ್ಲಿ ಎರಿಕ್ ಸಾತಿ ಎಂಬ ಸಂಗೀತಗಾರ, ಯಾರೂ ಕಿವಿಗೊಡಬಾರದ ಸಂಗೀತವನ್ನೇ ಬರೆದಿದ್ದನಂತೆ. ಮನೆಯ ಕುರ್ಚಿ, ಮೇಜಿನ ಹಾಗೆ ಅದು ಸುಮ್ಮನೆ ಇರಬೇಕು ಅಷ್ಟೆ. ನಾಟಕದ ಬಿಡುವಿನಲ್ಲಿ ನುಡಿಸತೊಡಗಿದರೆ ಜನ ಮಾತು ನಿಲ್ಲಿಸಿ ಕೇಳುತ್ತ ಕೂತರು. ಕೇಳಬೇಡಿ, ಮಾತಾಡಿ, ಓಡಾಡಿ ಎಂದು ಅವನು ಅಂಗಲಾಚಿದರೂ ಪ್ರಯೋಜನವಾಗಲಿಲ್ಲ. ಪಾಪ, ನಮ್ಮ ಕಡೆಯ ಒಂದು ಮದುವೆ ಊಟಕ್ಕೆ ಬಂದಿದ್ದರೆ ಅವನ ಆಸೆ ಪೂರ್ತಿ ಕೈಗೂಡುತ್ತಿತ್ತು. ಮಕ್ಕಳನ್ನು ಮಾತ್ರ ದೂರ ಇಡಬೇಕಾಗುತ್ತಿತ್ತು.

ಕೆಲವು ವರ್ಷಗಳ ಹಿಂದೆ ಮೈಸೂರಿನ ದೊಡ್ಡ ಹೊಟೇಲೊಂದಕ್ಕೆ ಮನೆಮಂದಿಯೆಲ್ಲ ಊಟಕ್ಕೆ ಹೋಗಿದ್ದೆವು. ಕಂಬದ ಪಕ್ಕ ಸಣ್ಣ ಕಟ್ಟೆಯ ಮೇಲೆ ಒಬ್ಬರು ಸಿತಾರ್ ನುಡಿಸುತ್ತಿದ್ದರು. ನಾವು ಬೆಲೆಪಟ್ಟಿ ಓದುವುದರಲ್ಲಿ ಮುಳುಗಿದ್ದೆವು. ತಮ್ಮನ ಮಗಳು, ಆರು ವರ್ಷದವಳು, ಯಾವಾಗ ಕುರ್ಚಿಯಿಂದ ಇಳಿದಳೋ ತಿಳಿಯದು. ನೋಡಿದರೆ ಕಟ್ಟೆಯ ಅಂಚಿಗೆ ಗಲ್ಲ ಆನಿಸಿ ನಿಂತಿದ್ದಾಳೆ. ಆತ ನುಡಿಸುವುದನ್ನು ನಿಲ್ಲಿಸಲಿಲ್ಲ. ಅವಳಿಗೆ ಬೆರಳು ಕಾಣಲೆಂದು ಸಿತಾರನ್ನು ತುಸು ಅವಳ ಕಡೆ ತಿರುಗಿಸಿಕೊಂಡರು. ಎಡಗೈಯ ತೋರುಬೆರಳ ತುದಿಯಲ್ಲಿ ತಂತಿ ಕೊರೆದ ಕಪ್ಪು ಗೆರೆ. ಅದನ್ನು ಅವಳೇ ಬಂದು ನಮಗೆ ಹೇಳಿದ್ದು. ಆಮೇಲೆ ಕೇಳಿದಳು: ‘ಅವು ಯಾವಾಗ ಉಣ್ತ?’

ನಾನು ಉತ್ತರ ಹೇಳಲಿಲ್ಲ. ನನಗೆ ನೆನಪಾದದ್ದು ಊರಿನ ಕೊನೆಯ ಪಂಕ್ತಿ. ವಾಲಗದವರಿಗೆ ಅಂಗಳದ ಆಚೆ ಬದಿಯಲ್ಲಿ ಬೇರೆ ಬಾಳೆ. ಹಾಗೇಕೆ ಎಂದು ನಾವು ಯಾರೂ ಕೇಳಿದವರಲ್ಲ. ನೀರು ಬಡಿಸುವುದು ಹುಡುಗರ ಕೆಲಸವಾದ್ದರಿಂದ ತಂಬಿಗೆ ಹಿಡಿದು ನಾನೇ ಹೋಗಿದ್ದೆ. ಮಧ್ಯಾಹ್ನ ಮೂರು ದಾಟಿತ್ತು. ಹೋಳಿಗೆ ಖಾಲಿಯಾಗಿ ಅನ್ನ, ಅಪ್ಪೆಹುಳಿ ಉಳಿದಿತ್ತು. ಶ್ರುತಿಯವನ ತುಟಿಯ ನಡುವೆ ದುಂಡಗೆ ಒಂದು ಗುರುತು, ಒತ್ತಿ ತೆಗೆದ ಹಾಗೆ. ಅವನು ಅನ್ನ ಮುಟ್ಟುವ ಮೊದಲು ಲೋಟ ಮುಂದೆ ಹಿಡಿದ. ತುಂಬಿಸಿದೆ, ಕುಡಿದ. ಮತ್ತೆ ಹಿಡಿದ.