ಒಡೆದ್ ಮೇಲೆ ಯಾರ್ ಬತ್ತಾರೆ?

ಕೆ.ಆರ್. ಪೇಟೆ ತಾಲ್ಲೂಕಿನಲ್ಲಿ, ನಾಗಮಂಗಲದ ಗಡಿಗೆ ಅಂಟಿಕೊಂಡಿರೋ ನಮ್ಮೂರಲ್ಲಿ ಪಂಪ್‌ಸೆಟ್‌ಗೆ ತ್ರೀಫೇಸ್ ಕರೆಂಟು ಬಹಳ ಸಲ ಬರೋದು ರಾತ್ರಿ ಹೊತ್ತು. ಅಪ್ಪನಿಗೆ ಅರವತ್ತೆಂಟು. ನಡುರಾತ್ರಿ ಎದ್ದು, ಟಾರ್ಚ್ ಹಿಡ್ಕೊಂಡು, ಬದು ಮೇಲೆ ನಡ್ಕೊಂಡು ಹೋಗ್ತಾನೆ. ಹೋದ ವರ್ಷ ಸ್ಟಾರ್ಟರ್ ಡಬ್ಬದ ಕೆಳಗೆ ಕೊಳಕುಮಂಡಲ ಸುತ್ತಿಕೊಂಡು ಮಲಗಿತ್ತು. ಮೊಬೈಲ್ ಸ್ಟಾರ್ಟರ್ ಹಾಕಿಸಿಕೊಟ್ಟೆ. ಆದ್ರೆ ಮಡೆ ತಿರುಗಿಸೋಕೆ ಆಪ್ ಇಲ್ಲವಲ್ಲ!

ಸೋಲಾರ್ ಪಂಪ್ ಹಾಕಿಸಿದ್ರೆ ಹಗಲಲ್ಲೇ ನೀರು. ಆದ್ರೆ ನಮ್ಮ ಬೋರಿನ ಆಳಕ್ಕೆ ತಕ್ಕ ಪಂಪಿಗೆ ಲಕ್ಷಗಟ್ಟಲೆ ಬೇಕು. ಸಬ್ಸಿಡಿಗೆ ಅರ್ಜಿ ಹಾಕಿ ಕಾಯ್ತಿದೀವಿ. ಆ ಕಾಯುವಿಕೆಯಲ್ಲೇ ನನಗೆ ಪೆರೋವ್‌ಸ್ಕೈಟ್ ಹುಚ್ಚು ಹಿಡಿದಿದ್ದು.

ಸಿಲಿಕಾನನ್ನು ಕರಗಿಸೋಕೆ 1400 ಡಿಗ್ರಿಗೂ ಹೆಚ್ಚು ಕಾವು ಬೇಕು. ಪೆರೋವ್‌ಸ್ಕೈಟ್ ಹಾಗಲ್ಲ. ಅದನ್ನು ದ್ರಾವಣ ಮಾಡಿ, ಗಾಜಿನ ಮೇಲೆ ಶಾಯಿ ಥರ ಹರಡಿ, ನೂರು ನೂರೈವತ್ತು ಡಿಗ್ರಿಯಲ್ಲಿ ಒಣಗಿಸಿದ್ರೆ ಬಿಸಿಲನ್ನು ಕರೆಂಟ್ ಮಾಡೋ ಪದರ ತಯಾರು. 2009ರಲ್ಲಿ ಜಪಾನಿನ ಮಿಯಾಸಾಕಾ ತಂಡ ಮಾಡಿದಾಗ ಅದರ ದಕ್ಷತೆ ಶೇ. 3.8. ಈಗ ಲ್ಯಾಬಿನ ಚಿಕ್ಕ ಸೆಲ್‌ಗಳಲ್ಲಿ ಶೇ. 26 ದಾಟಿದೆ. ಈ ಏರಿಕೆಯಲ್ಲಿ ನ್ಯಾನೋಕಣಗಳ ತೆಳು ಪದರಗಳ ಪಾತ್ರವೂ ಇದೆ. ನಮ್ಮ ವಿಶ್ವೇಶ್ವರಯ್ಯ ನಾಲೆ ನೆನಪಿಸಿಕೊಳ್ಳಿ. ನಾಲೆಯ ಗೋಡೆ ಬಿರುಕು ಬಿಟ್ಟಿದ್ರೆ ಕನ್ನಂಬಾಡಿಯಿಂದ ಎಷ್ಟು ನೀರು ಬಿಟ್ಟರೂ ಕೊನೆಯ ಗದ್ದೆಗೆ ಸಿಗೋದು ಕಮ್ಮಿ. ಇಲ್ಲೂ ಅಷ್ಟೇ. ಬಿಸಿಲಿಗೆ ಎದ್ದ ಎಲೆಕ್ಟ್ರಾನ್‌ಗಳು ಪದರಗಳು ಕೂಡೋ ಜಾಗದ ದೋಷಗಳಲ್ಲಿ ಸೋರಿಹೋಗ್ತವೆ. ತವರದ ಆಕ್ಸೈಡಿನಂಥ ನ್ಯಾನೋಕಣಗಳ ಪದರ ಚೆನ್ನಾಗಿ ಕೂತರೆ ಅದು ಗಾರೆ ಬಳಿದ ನಾಲೆ ಥರ, ಎಲೆಕ್ಟ್ರಾನ್‌ಗಳನ್ನು ಪೋಲಾಗದಂತೆ ಸಾಗಿಸುತ್ತೆ.

ಇದನ್ನೆಲ್ಲ ಹಟ್ಟಿ ಜಗಲಿ ಮೇಲೆ ಕೂತು ಅಪ್ಪನಿಗೆ ಖುಷಿಯಿಂದ ವಿವರಿಸಿದೆ.

"ಅದ್ರಾಗೆ ಏನಾಕಿರ್ತಾರ್ಲಾ ಮಗ?"

"ಸೀಸ ಅಪ್ಪ. ಒಂದು ಚದರ ಮೀಟರಿಗೆ ಒಂದು ಗ್ರಾಂಗಿಂತ ಕಮ್ಮಿನೇ."

"ಆಲಿಕಲ್ ಬಿದ್ದು ಒಡದೋದ್ರೆ?"

ಇದೇ ತೊಂದರೆ. ಒಳ್ಳೆಯ ದಕ್ಷತೆ ಕೊಡೋ ಪೆರೋವ್‌ಸ್ಕೈಟ್‌ಗಳಲ್ಲಿ ಸೀಸ ಇದೆ, ಅದೂ ನೀರು ತಾಗಿದರೆ ಕರಗಬಲ್ಲ ರೂಪದಲ್ಲಿ. ನಾನು ಜಾಣತನ ತೋರಿಸಿದೆ. "ನಮ್ಮನೆ ಯುಪಿಎಸ್ ಬ್ಯಾಟರಿಯಲ್ಲಿ ಕೆಜಿಗಟ್ಟಲೆ ಸೀಸ ಇಲ್ವಾ?"

"ಅದು ಕೆಟ್ರೆ ಗುಜರಿಯೋನು ದುಡ್ ಕೊಟ್ಟು ಎತ್ಕೊಂಡೋಯ್ತಾನೆ ಕಣ್ಲಾ. ಇದು ಒಡೆದ್ ಮೇಲೆ ಯಾರ್ ಬತ್ತಾರೆ?"

ನಾನು ಸುಮ್ಮನಾದೆ. ಕೆಜಿ ಸೀಸಕ್ಕೆ ಬೆಲೆ ಇದೆ, ಅದಕ್ಕೇ ಅದನ್ನು ಹುಡುಕಿಕೊಂಡು ಬರೋರು ಇದ್ದಾರೆ. ಒಂದು ಗ್ರಾಂ ಸೀಸಕ್ಕೆ ಬೆಲೆ ಇಲ್ಲ, ಹಾಗಾಗಿ ಅದು ಹೊಲದಲ್ಲೇ ಉಳಿಯುತ್ತೆ. ನಮ್ಮ ಕೆಲಸದಲ್ಲಿ ರಿಲೀಸ್ ಕೆಟ್ಟರೆ ರೋಲ್‌ಬ್ಯಾಕ್ ಮಾಡ್ತೀವಿ. ಮಣ್ಣಿಗೆ ರೋಲ್‌ಬ್ಯಾಕ್ ಇಲ್ಲ.

ನಮ್ಮ ಜಿಲ್ಲೆಗೆ ಈ ಲೆಕ್ಕ ಹೊಸದಲ್ಲ. ಶಿವನಸಮುದ್ರದಲ್ಲಿ 1902ರಲ್ಲಿ ಹುಟ್ಟಿದ ಕರೆಂಟು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಹೋಯ್ತು, 1905ರಲ್ಲಿ ಬೆಂಗಳೂರಿನ ಬೀದಿ ದೀಪ ಆಯ್ತು. ಜಲಪಾತದ ಸುತ್ತಲ ಹಳ್ಳಿಗಳು ದಶಕಗಟ್ಟಲೆ ಬುಡ್ಡಿ ದೀಪದಲ್ಲೇ ಇದ್ದವು. 1911ರಲ್ಲಿ ಕೆಲಸ ಶುರುವಾದ ಕನ್ನಂಬಾಡಿ ಕಟ್ಟೆ ಪಾಂಡವಪುರ, ಶ್ರೀರಂಗಪಟ್ಟಣದ ಗದ್ದೆಗಳನ್ನು ಹಸಿರು ಮಾಡಿತು, ನಿಜ. ಆದ್ರೆ ಹಿನ್ನೀರಲ್ಲಿ ಮುಳುಗಿದ ಊರುಗಳವರು ಬೇರೆಯವರು. ಲಾಭ ಒಂದು ಕಡೆ, ಖರ್ಚು ಇನ್ನೊಂದು ಕಡೆ.

ಹಾಗಂತ "ಪೂರ್ತಿ ಸುರಕ್ಷಿತ ಆಗೋವರೆಗೆ ಬೇಡ" ಅನ್ನೋದು ಸರಿಯಾ? ಬೆಂಗಳೂರಿನ ಫ್ಲ್ಯಾಟಿನಲ್ಲಿ, ಇನ್ವರ್ಟರ್ ಇಟ್ಕೊಂಡು ಹಾಗನ್ನೋದು ನನಗೆ ಸುಲಭ. ಕಾಯೋದಕ್ಕೂ ಬೆಲೆ ಇದೆ. ಅದನ್ನು ರಾತ್ರಿ ಬದು ಮೇಲೆ ನಡೆಯೋ ಅಪ್ಪನೇ ಕಟ್ಟೋದು. ಆತುರಪಟ್ಟರೂ ಬಿಲ್ಲು ಅವನ ಹೆಸರಿಗೆ, ತಡ ಮಾಡಿದರೂ ಅವನ ಹೆಸರಿಗೆ. ಎರಡೂ ತೀರ್ಮಾನ ಮಾಡೋರು ಮಾತ್ರ ನನ್ನಂಥವರು.

ಅದಕ್ಕೇ ಅಪ್ಪನ ಪ್ರಶ್ನೆ ನನಗೆ ದೊಡ್ಡದಾಗಿ ಕಾಣುತ್ತೆ. ಅವನು "ಬೇಡ" ಅನ್ನಲಿಲ್ಲ. "ಅಪಾಯ ಇಲ್ದಿರೋದು ಕೊಡಿ" ಅಂತಲೂ ಕೇಳಲಿಲ್ಲ. ಹಾವಿರೋ ದಾರಿಯಲ್ಲಿ ದಿನಾ ಓಡಾಡೋನಿಗೆ ಅಪಾಯ ಗೊತ್ತು. ಕೆಟ್ಟಾಗ ಯಾರು ಬರ್ತಾರೆ ಅಂತ ಕೇಳಿದ, ಅಷ್ಟೇ. ಸುರಕ್ಷತೆ ಅನ್ನೋದು ವಸ್ತುವಿನ ಗುಣ ಅಂತ ನಾನು ತಿಳಿದಿದ್ದೆ. ಅರ್ಧ ಮಾತ್ರ ಹಾಗೆ. ಇನ್ನರ್ಧ ಮಾಡೋನಿಗೂ ಬಳಸೋನಿಗೂ ನಡುವಿನ ಋಣ.

ಹಾದಿಗಳೂ ಇವೆ. ಒಡೆದರೂ ಸೀಸವನ್ನು ಹಿಡಿದಿಟ್ಟುಕೊಳ್ಳೋ ಪದರಗಳನ್ನು ಲ್ಯಾಬುಗಳಲ್ಲಿ ಪರೀಕ್ಷಿಸ್ತಿದಾರೆ. 2022ರ ಇ-ತ್ಯಾಜ್ಯ ನಿಯಮಗಳು ಸೋಲಾರ್ ಪ್ಯಾನೆಲ್‌ಗಳನ್ನೂ ತಮ್ಮೊಳಗೆ ತಂದಿವೆ. ಆದ್ರೆ ಕಾಗದದ ಮೇಲಿನ ನಿಯಮ ನಮ್ಮ ಹೊಲದವರೆಗೆ ನಡೆದು ಬರಬೇಕಲ್ಲ? ಹಳೇ ಪ್ಯಾನೆಲ್ಲಿಗೂ ಬ್ಯಾಟರಿಗಿರೋ ಥರ ಒಂದು ಬೆಲೆ ಕಟ್ಟಿ, ಕೊಳ್ಳುವಾಗಲೇ ಆ ಹಣ ತೆಗೆದಿಟ್ಟರೆ ಗುಜರಿಯವನೇ ಬರ್ತಾನೆ.

ಇದನ್ನು ಓದ್ತಿರೋರಲ್ಲಿ ನಾಳೆ ಇಂಥ ಪ್ಯಾನೆಲ್ ಮಾಡೋರು, ಕೊಳ್ಳೋರು, ಅದಕ್ಕೆ ದುಡ್ಡು ಹಾಕೋರು ಇರಬಹುದು. ಸ್ಪೆಕ್ ಶೀಟಿನಲ್ಲಿ ದಕ್ಷತೆ ಎಷ್ಟು ಅಂತ ನೋಡೋ ಮುಂಚೆ ನಮ್ಮಪ್ಪನ ಪ್ರಶ್ನೆಗೆ ಉತ್ತರ ಇದೆಯಾ ನೋಡಿ. ಇದ್ದರೆ ನನಗೂ ತಿಳಿಸಿ. ಜಮೀನಿನಲ್ಲಿ ಜಾಗ ಇದೆ, ಅಪ್ಪ ಒಪ್ತಾನೆ.