ಮೊಟ್ಟೆಗಳ್ಳನ ಮೇಲಣ ಅಪವಾದ

ಈಚಲ ಮರದ ಕೆಳಗೆ ಕುಳಿತು ಮಜ್ಜಿಗೆ ಕುಡಿದರೂ ಕಂಡವರು ಹೆಂಡವೆಂದೇ ಹೇಳುತ್ತಾರೆ ಎಂಬುದು ನಮ್ಮಲ್ಲಿ ಹಳೆಯ ಮಾತು. ಕುಡಿಯುವವನಿಗೆ ಬುದ್ಧಿ ಹೇಳಲು ಈ ಗಾದೆಯನ್ನು ಬಳಸುತ್ತೇವೆ. ನೋಡುವವನಿಗೂ ಇದರಲ್ಲಿ ಒಂದು ಎಚ್ಚರಿಕೆ ಉಂಟೆಂಬುದನ್ನು ಮರೆಯುತ್ತೇವೆ. ಸುಮಾರು ಏಳೂವರೆ ಕೋಟಿ ವರ್ಷಗಳ ಹಿಂದೆ ಸತ್ತ ಪ್ರಾಣಿಯೊಂದರ ಕಥೆ ನನಗೆ ಅದನ್ನು ನೆನಪಿಸಿತು.

1923ರಲ್ಲಿ ಅಮೆರಿಕದ ವಿಜ್ಞಾನಿಗಳ ತಂಡವೊಂದು ಮಂಗೋಲಿಯದ ಗೋಬಿ ಮರುಭೂಮಿಯಲ್ಲಿ ಅಗೆಯುತ್ತಿದ್ದಾಗ ಕಲ್ಲಾಗಿ ಹೋದ ಮೊಟ್ಟೆಗಳು ಸಿಕ್ಕಿದವು. ಅವುಗಳ ಮೇಲೆಯೇ, ಹಲ್ಲಿಲ್ಲದ ಕೊಕ್ಕಿನ ಬಾಯಿಯ ಸಣ್ಣ ಡೈನೋಸಾರೊಂದರ ಎಲುಬುಗಳಿದ್ದವು. ಆ ಸ್ಥಳದಲ್ಲಿ ಪ್ರೊಟೊಸೆರಟಾಪ್ಸ್ ಎಂಬ ಬೇರೊಂದು ಪ್ರಾಣಿಯ ಅವಶೇಷಗಳು ಹೇರಳವಾಗಿದ್ದುದರಿಂದ ಮೊಟ್ಟೆಗಳು ಅದರವೇ ಎಂದು ಎಣಿಸಿದರು. ಹಾಗಾದರೆ ಮೇಲಿದ್ದುದು ಕಳ್ಳನಲ್ಲದೆ ಮತ್ತಾರು? 1924ರಲ್ಲಿ ಆಸ್‌ಬರ್ನ್ ಎಂಬ ವಿದ್ವಾಂಸರು ಅದಕ್ಕೆ 'ಓವಿರ್ಯಾಪ್ಟರ್', ಎಂದರೆ 'ಮೊಟ್ಟೆಗಳ್ಳ', ಎಂದು ಹೆಸರಿಟ್ಟರು. ಈ ಹೆಸರು ನಮ್ಮನ್ನು ದಾರಿ ತಪ್ಪಿಸಲೂಬಹುದೆಂದು ಅವರೇ ಬರೆದಿದ್ದರು. ಹೆಸರು ಲೋಕವನ್ನೆಲ್ಲ ಸುತ್ತಿತು. ಎಚ್ಚರಿಕೆಯ ಮಾತು ಪುಟದಲ್ಲಿಯೇ ಉಳಿಯಿತು.

ಎಪ್ಪತ್ತು ವರ್ಷಗಳ ಮೇಲೆ ಸಾಕ್ಷಿ ಬಂದಿತು. 1993ರಲ್ಲಿ ಅದೇ ಗೋಬಿಯಲ್ಲಿ, ಅದೇ ಬಗೆಯ ಮೊಟ್ಟೆಯೊಂದರೊಳಗೆ ಮರಿಯ ಎಲುಬುಗಳು ಕಂಡವು. ಆ ಮರಿ 'ಕಳ್ಳ'ನ ವಂಶದ್ದೇ! 1995ರಲ್ಲಿ ಪ್ರಕಟವಾದ ಇನ್ನೊಂದು ಅಸ್ಥಿಪಂಜರವಂತೂ ಮುಂಗೈಗಳನ್ನು ಮೊಟ್ಟೆಗಳ ಸುತ್ತ ಹರಡಿಕೊಂಡು, ಕಾವು ಕುಳಿತ ಹಕ್ಕಿಯ ಭಂಗಿಯಲ್ಲಿಯೇ ಮರಳಿನಡಿ ಹೂತುಹೋಗಿತ್ತು. ಓವಿರ್ಯಾಪ್ಟರಿನ ಹತ್ತಿರದ ಬಂಧುವಾದ ಈ ಪ್ರಾಣಿಗೆ 2001ರಲ್ಲಿ 'ಚಿತಿಪತಿ' ಎಂಬ ಸಂಸ್ಕೃತದ ಹೆಸರಾಯಿತು.

ಕಳ್ಳನೆಂದವರು ಈಗ ತಾಯಿಯೆಂದು ಕೊಂಡಾಡಿದರು. ಅದೂ ಅವಸರವಾಯಿತೇನೋ! ಮೊಟ್ಟೆಗಳ ಒಟ್ಟು ಗಾತ್ರವನ್ನೂ ಎಲುಬುಗಳ ಒಳರಚನೆಯನ್ನೂ ಪರೀಕ್ಷಿಸಿದ ವಿಜ್ಞಾನಿಗಳು, ಕಾವು ಕುಳಿತದ್ದು ತಂದೆಯಿರಬಹುದೆಂದು 2008ರಲ್ಲಿ ವಾದಿಸಿದರು. ಎಮು ಹಕ್ಕಿಗಳಲ್ಲಿ ಇಂದಿಗೂ ಆ ಕೆಲಸ ಗಂಡಿನದೇ. ಈ ವಾದವನ್ನು ಒಪ್ಪದವರೂ ಇದ್ದಾರೆ. ಅದು ಪರರ ಮೊಟ್ಟೆಯನ್ನು ಎಂದೂ ಮುಟ್ಟಿರಲಿಲ್ಲವೆಂದೂ ಇದರಿಂದ ಸಿದ್ಧವಾಗದು. ಸಿದ್ಧವಾದುದು ಇಷ್ಟೆ: ಯಾವ ಸಾಕ್ಷ್ಯದ ಮೇಲೆ ಕಳ್ಳನೆಂದೆವೋ ಆ ಸಾಕ್ಷ್ಯ ಕಳ್ಳತನದ್ದಲ್ಲ.

ಸತ್ತ ಪ್ರಾಣಿಗೆ ಮಾನವೇನು, ಅವಮಾನವೇನು ಎಂದು ಕೇಳಬಹುದು. ಅದಕ್ಕೆ ಏನೂ ಇಲ್ಲ. ಪ್ರಶ್ನೆ ಹೆಸರಿಡುವ ನಮ್ಮನ್ನು ಕುರಿತದ್ದು.

ಕೆಲವು ವರ್ಷಗಳ ಹಿಂದೆ ನನ್ನ ತರಗತಿಯ ಹುಡುಗನೊಬ್ಬ ಒಂದು ಪ್ರಬಂಧ ಬರೆದು ತಂದ. ಬಲು ಚೆನ್ನಾಗಿತ್ತು, ಅವನ ಮಟ್ಟಿಗೆ ಅತಿಯಾಗಿಯೇ ಚೆನ್ನಾಗಿದೆಯೆಂದು ನನಗೆ ತೋರಿತು. "ಯಾರಿಂದ ಬರೆಸಿದೆಯಪ್ಪಾ?" ಎಂದು ಎಲ್ಲರೆದುರಿಗೇ ಕೇಳಿದೆ. ಅವನು ತಲೆ ತಗ್ಗಿಸಿದ. ತಗ್ಗಿದ ತಲೆಯನ್ನು ತಪ್ಪೊಪ್ಪಿಗೆಯೆಂದೇ ತಿಳಿದೆ. ಪರೀಕ್ಷೆಯ ದಿನ ನಾನು ಮೇಲ್ವಿಚಾರಣೆಗಿದ್ದ ಕೊಠಡಿಯಲ್ಲಿಯೇ ಕುಳಿತು ಅವನು ಅಷ್ಟೇ ಚೆನ್ನಾಗಿ ಬರೆದ. ಆಮೇಲೆ ತರಗತಿಯಲ್ಲಿಯೇ ಕ್ಷಮೆ ಕೇಳಿದೆನೇನೋ ನಿಜ; ಅಷ್ಟರಲ್ಲಿ ಗೆಳೆಯರು ಅವನಿಗೊಂದು ಅಡ್ಡಹೆಸರು ಇಟ್ಟಾಗಿತ್ತು. ಅವನು ಕಾಲೇಜು ಬಿಡುವವರೆಗೂ ಅದು ಹೋಗಲಿಲ್ಲ.

ಪ್ರಾಣಿಶಾಸ್ತ್ರದಲ್ಲಿಯೂ ಹಾಗೆಯೇ. ಕ್ರಮವಾಗಿ ಮೊದಲು ಇಟ್ಟ ಹೆಸರನ್ನು, ಅದರ ಅರ್ಥ ತಪ್ಪೆಂಬ ಕಾರಣಕ್ಕೆ ಬದಲಿಸುವಂತಿಲ್ಲ. ತಪ್ಪು ತಿಳಿದು ಇಷ್ಟು ವರ್ಷವಾದರೂ ಓವಿರ್ಯಾಪ್ಟರ್ ಇನ್ನೂ ಮೊಟ್ಟೆಗಳ್ಳನೇ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದರು ಹಿರಿಯರು. ಕಂಡದ್ದು ಎಲುಬು ಮತ್ತು ಮೊಟ್ಟೆ. ಕಳ್ಳತನವನ್ನು ಕಂಡವರಾರೂ ಇರಲಿಲ್ಲ. ಅದನ್ನು ಸೇರಿಸಿದವರು ನಾವು.